ಎಪ್ಪತ್ತೇಳು ಮಲೆಗೆ ಒಂದೇ ಯೋಜನೆ ಬೇಕು: ಮಾನ್ಯ ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ,

ಗೌರವಪೂರ್ವಕ ವಂದನೆಗಳು.

ಈ ಪತ್ರವನ್ನು ಅರಣ್ಯ ಸಚಿವರಿಗಾಗಲಿ ಮುಜರಾಯಿ ಸಚಿವರಿಗಾಗಲಿ ಬರೆಯದೆ ತಮಗೇ ಬರೆಯುವುದಕ್ಕೆ ಒಂದು ಕಾರಣವಿದೆ. ಶ್ರೀ ಮಲೆ ಮಹದೇಶ್ವರಸ್ವಾಮಿ ಕ್ಷೇತ್ರ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರು ತಾವು; ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಜ್ಯ ವನ್ಯಜೀವಿ ಮಂಡಳಿಯ ಅಧ್ಯಕ್ಷರೂ ತಾವೇ. ಎಪ್ಪತ್ತೇಳು ಮಲೆಗಳ ಒಡೆಯನೆಂದು ಜನ ಹಾಡುವ ಮಹದೇಶ್ವರನ, ಅಂದರೆ ನಮ್ಮ ಮಾದಪ್ಪನ, ಬೆಟ್ಟದಲ್ಲಿ ವಸತಿಗೃಹ, ದಾಸೋಹ, ರಸ್ತೆ, ವಾಹನ ನಿಲುಗಡೆಯ ಬಗ್ಗೆ ಯೋಚಿಸಬೇಕಾದ ಸಂಸ್ಥೆಯೂ, ಅದೇ ಬೆಟ್ಟದ ಆನೆ, ಹುಲಿ, ಹಳ್ಳ, ಬಿದಿರುಮೆಳೆಯ ಬಗ್ಗೆ ಯೋಚಿಸಬೇಕಾದ ಸಂಸ್ಥೆಯೂ ಕೊನೆಗೆ ತಮ್ಮ ಮೇಜಿನ ಮುಂದೆಯೇ ಬಂದು ನಿಲ್ಲುತ್ತವೆ. ಪ್ರಾಧಿಕಾರದ ಕಾಯ್ದೆಯೂ 2013ರದು, ಮಲೆ ಮಹದೇಶ್ವರ ವನ್ಯಜೀವಿಧಾಮದ ಘೋಷಣೆಯೂ 2013ರದು. ಒಂದೇ ವರ್ಷ ಹುಟ್ಟಿದ ಈ ಎರಡು ವ್ಯವಸ್ಥೆಗಳು ದಶಕ ದಾಟಿದ ಮೇಲೂ ಒಂದನ್ನೊಂದು ನೆರೆಮನೆಯ ಜಗಳಗಂಟನಂತೆ ನೋಡುತ್ತಿವೆ ಎಂಬುದು ಬೆಟ್ಟಕ್ಕೆ ಹೋಗಿಬರುವ ಯಾರಿಗಾದರೂ ತಿಳಿಯುವ ಸಂಗತಿ. ದೇವಾಲಯದವರಿಗೆ ಅರಣ್ಯ ಇಲಾಖೆಯೆಂದರೆ ಅನುಮತಿ ಕೊಡದ ಕಚೇರಿ. ಅರಣ್ಯ ಇಲಾಖೆಗೆ ಜಾತ್ರೆಯೆಂದರೆ ವರ್ಷಕ್ಕೆ ಹಲವು ಸಲ ಬಂದುಹೋಗುವ ಕಾಟ. ನಾನು ಕೇಳುತ್ತಿರುವುದು ಒಂದೇ: ಈ ಬೆಟ್ಟಕ್ಕೆ, ಅಂದರೆ ಗುಡಿ, ಕಾಡು, ಹಳ್ಳಿ ಮೂರಕ್ಕೂ ಸೇರಿ, ಒಂದೇ ನಿರ್ವಹಣಾ ಯೋಜನೆಯಾಗಬೇಕು, ಅದು ತಮ್ಮ ಅಧ್ಯಕ್ಷತೆಯಲ್ಲೇ ಆಗಬೇಕು.

ಸುಮಾರು 906 ಚದರ ಕಿಲೋಮೀಟರ್ ವಿಸ್ತಾರದ ಈ ವನ್ಯಜೀವಿಧಾಮದ ಒಂದು ಬದಿಗೆ ಕಾವೇರಿ ವನ್ಯಜೀವಿಧಾಮವಿದೆ, ಪಶ್ಚಿಮಕ್ಕೆ ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶವಿದೆ, ದಕ್ಷಿಣಕ್ಕೆ ತಮಿಳುನಾಡಿನ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಿದೆ. ಎಡೆಯಾರಳ್ಳಿ–ದೊಡ್ಡಸಂಪಿಗೆ ಆನೆಪಥದ ಹೆಸರು ಕೇಳಿದವರಿಗೆ, ಬಿಳಿಗಿರಿಯ ಆನೆಗೂ ನಮ್ಮ ಮಲೆಯ ಆನೆಗೂ ನಡುವೆ ಎಷ್ಟು ಸಣ್ಣ ದಾರಿ ಉಳಿದಿದೆ ಎಂಬುದು ಗೊತ್ತು. ಪೂರ್ವಘಟ್ಟ ಮತ್ತು ಪಶ್ಚಿಮಘಟ್ಟಗಳು ಕೂಡುವ ಈ ಸೀಮೆಯಲ್ಲಿ ನಮ್ಮ ಬೆಟ್ಟ ಒಂದು ಮೂಲೆಯ ಕಾಡಲ್ಲ, ನಡುಮನೆ. ಇಲ್ಲಿ ಅಡ್ಡಿಯಾದರೆ ಮೂರು ಕಾಡುಗಳ ಓಡಾಟಕ್ಕೆ ಅಡ್ಡಿಯಾಗುತ್ತದೆ.

ಧಾರ್ಮಿಕ ಪರಂಪರೆ ಎಂದಾಗ ಕಡತಗಳಲ್ಲಿ ಗರ್ಭಗುಡಿ, ರಾಜಗೋಪುರ, ಚಿನ್ನದ ರಥ, ಲಾಡು ಪ್ರಸಾದ ಇಷ್ಟೇ ಕಾಣುತ್ತವೆ. ಬೆಟ್ಟದ ಪರಂಪರೆ ಅಷ್ಟಕ್ಕೆ ನಿಲ್ಲುವುದಿಲ್ಲ. ದೀಪಾವಳಿಯ ಜಾತ್ರೆಯಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನ ಹಳ್ಳದಿಂದ ನೀರು ಹೊತ್ತು, ಸತ್ತಿಗೆ ವಾದ್ಯಗಳ ಜೊತೆ ಕಾಡುದಾರಿಯಲ್ಲಿ ನಡೆದುಬಂದು ಸ್ವಾಮಿಗೆ ಒಪ್ಪಿಸುವ ಹಾಲರವಿ ಉತ್ಸವವನ್ನು ತಾವು ಬಲ್ಲಿರಿ. ಆ ಹಳ್ಳದ ನೀರು ನಿಂತರೆ, ಇಲ್ಲವೇ ಕೆಟ್ಟರೆ, ಹಾಲರವಿಗೆ ಟ್ಯಾಂಕರ್ ನೀರು ತರಿಸಬೇಕೇ? ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುವ ದೇವರಗುಡ್ಡರು ಆನೆಮಲೆ, ಜೇನುಮಲೆ, ಕಾನುಮಲೆ, ಪಚ್ಚೆಮಲೆ, ಪವಳಮಲೆ, ಪೊನ್ನಾಚಿಮಲೆ, ಕೊಂಗುಮಲೆ ಎಂದು ಒಂದೊಂದೇ ಬೆಟ್ಟದ ಹೆಸರು ಹಿಡಿದು ಹಾಡುತ್ತಾರೆ. ಅವರ ಕಥನದಲ್ಲಿ ಈ ಕಾಡಿನ ಬುಡಕಟ್ಟಾದ ಸೋಲಿಗರ ಸಂಕಮ್ಮನ ಹಾಡಿಯಿದೆ, ಜೇನಿದೆ, ಹುಲಿಯನ್ನೇರಿ ಮಲೆಯಿಂದ ಮಲೆಗೆ ಹೋಗುವ ಮಾಯ್ಕಾರ ಮಾದಪ್ಪನಿದ್ದಾನೆ. ಕಾಡನ್ನು ಕಳೆದು ಗುಡಿಯನ್ನಷ್ಟೇ ಉಳಿಸಿಕೊಂಡರೆ ಆ ಹಾಡಿನ ಮುಕ್ಕಾಲು ಪಾಲು ಊರಿಲ್ಲದ ಹೆಸರಾಗುತ್ತದೆ. ಆದ್ದರಿಂದ ಯೋಜನೆಯ ಮೊದಲ ಅಧ್ಯಾಯದಲ್ಲೇ ಪವಿತ್ರ ಹಳ್ಳಗಳು, ದೊಣೆಗಳು, ಒಡ್ಡುಗಳು, ಕಾಲುದಾರಿಗಳು, ಸೋಲಿಗರ ಪೂಜಾಸ್ಥಳಗಳು ಎಲ್ಲೆಲ್ಲಿವೆ ಎಂಬುದನ್ನು ಆಯಾ ಸಮುದಾಯದ ಹಿರಿಯರಿಂದಲೇ ಗುರುತಿಸಿ ನಕ್ಷೆ ಮಾಡಿಸಬೇಕು. ಎಲ್ಲಿ ಕಟ್ಟಬಾರದು, ಎಲ್ಲಿ ಕೊಳವೆಬಾವಿ ಕೊರೆಯಬಾರದು ಎಂಬ ತೀರ್ಮಾನಗಳು ಆ ನಕ್ಷೆಯಿಂದ ಹೊರಡಬೇಕು.

ಈಗ ಕಹಿಯಾದ ವಿಷಯಕ್ಕೆ ಬರುತ್ತೇನೆ. 2025ರ ಜೂನ್ 26ರಂದು ಹೂಗ್ಯಂ ವಲಯದ ಮೀಣ್ಯಂ ಅರಣ್ಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಹಿಡಿದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಅದಾದ ನಾಲ್ಕು ತಿಂಗಳೊಳಗೆ, ಅಕ್ಟೋಬರ್ ಆರಂಭದಲ್ಲಿ, ಹನೂರು ವಲಯದ ಪಚ್ಚೆದೊಡ್ಡಿ ಬಳಿ ತುಂಡರಿಸಿದ ಇನ್ನೊಂದು ಹುಲಿಯ ದೇಹ ಸಿಕ್ಕಿತು. ಹುಲಿವಾಹನ ಸೇವೆಗೆ ಭಕ್ತರು ಸಾಲುಗಟ್ಟುವ ಬೆಟ್ಟದಲ್ಲೇ ಹೀಗಾಯಿತಲ್ಲ ಎಂದು ಆಗ ಎಲ್ಲರೂ ಮರುಗಿದರು. ಆರೋಪಿಗಳ ಬಂಧನವಾಯಿತು, ಅಧಿಕಾರಿಗಳ ಮೇಲೆ ಕ್ರಮವಾಯಿತು, ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸುವ ಮಾತೂ ಬಂತು. ಅಪರಾಧಕ್ಕೆ ಶಿಕ್ಷೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಡಂಚಿನ ಮನೆಯೊಂದರಲ್ಲಿ ಕರೆಯುವ ಹಸು ಸತ್ತ ಸಂಜೆ ಏನಾಗುತ್ತದೆ ಎಂಬುದನ್ನು ಯಾರೂ ವಿವರವಾಗಿ ಕೇಳಲಿಲ್ಲ. ಪಶುವೈದ್ಯರ ದೃಢೀಕರಣ, ಫೋಟೋ, ಮಹಜರು, ಬ್ಯಾಂಕ್ ಖಾತೆಯ ವಿವರ ಎಲ್ಲವೂ ಸೇರಿ ಪರಿಹಾರದ ಹಣ ಕೈಗೆ ಬರುವ ಹೊತ್ತಿಗೆ ಆ ಮನೆಯವರ ಸಿಟ್ಟು ಹೆಪ್ಪುಗಟ್ಟಿರುತ್ತದೆ. ವಿಷಕ್ಕಾದರೋ ಕೃಷಿ ಅಂಗಡಿಗೆ ಹೋಗಿಬಂದರೆ ಸಾಕು.

ಇದಕ್ಕೆ ನನ್ನದೊಂದು ಸಲಹೆಯಿದೆ, ವಿಚಿತ್ರವೆನಿಸಿದರೂ ದಯವಿಟ್ಟು ಪರಿಶೀಲಿಸಬೇಕು. ಮಾದಪ್ಪನ ಹುಂಡಿಯನ್ನು ತಿಂಗಳಿಗೊಮ್ಮೆ ಎಣಿಸಿದಾಗ ಕೋಟಿಗೂ ಮೀರಿದ ಕಾಣಿಕೆ ಸಿಗುತ್ತದೆ. ಅದರಲ್ಲೊಂದು ಸಣ್ಣ ಮೊತ್ತವನ್ನು ಪ್ರತ್ಯೇಕ ನಿಧಿಯಾಗಿ ಇಟ್ಟು, ವನ್ಯಜೀವಿಧಾಮದ ಅಂಚಿನ ಹಳ್ಳಿಗಳಲ್ಲಿ ಹುಲಿ ಅಥವಾ ಚಿರತೆ ಕೊಂದ ಜಾನುವಾರಿಗೆ ಒಂದೆರಡು ದಿನದೊಳಗೆ, ಸ್ಥಳದಲ್ಲೇ, ಮುಂಗಡ ಪರಿಹಾರ ಕೊಡಿಸಬಹುದು. ಸರ್ಕಾರದ ಪರಿಹಾರ ಮಂಜೂರಾದಾಗ ಆ ಮುಂಗಡ ನಿಧಿಗೆ ಮರಳಿ ಜಮೆಯಾಗುತ್ತದೆ. ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದ ಸುತ್ತ ಸ್ವಯಂಸೇವಾ ಸಂಸ್ಥೆಗಳು ಇಂಥದೇ ಮಧ್ಯಂತರ ಪರಿಹಾರವನ್ನು ಬಹಳ ಹಿಂದೆಯೇ ಆರಂಭಿಸಿವೆ. ಷರತ್ತು ಒಂದೇ, ಕಳೇಬರವನ್ನು ಯಾರೂ ಮುಟ್ಟದೆ ಅಲ್ಲೇ ಬಿಡಬೇಕು. ನಮ್ಮಲ್ಲಿ ಆ ಹಣ ಮಾದಪ್ಪನ ಹೆಸರಿನಲ್ಲಿ ಬಂದರೆ ಅದಕ್ಕಿರುವ ತೂಕವೇ ಬೇರೆ. ತನ್ನ ವಾಹನ ತಿಂದ ಹಸುವಿಗೆ ಸ್ವಾಮಿಯೇ ಕಾಸು ಕೊಟ್ಟ ಎಂಬ ಮಾತು ಮಾರ್ಟಳ್ಳಿಯಿಂದ ಪೊನ್ನಾಚಿಯವರೆಗೆ ಒಂದು ವಾರದಲ್ಲಿ ಹರಡುತ್ತದೆ. ಇಲಾಖೆಯ ಜಾಗೃತಿ ಫಲಕಗಳಿಂದ ಆಗದ ಕೆಲಸ ಅದರಿಂದ ಆಗುತ್ತದೆ. ಇದಕ್ಕೆ ಪ್ರಾಧಿಕಾರದ ನಿಯಮಗಳಲ್ಲಿ ತಿದ್ದುಪಡಿ ಬೇಕಿದ್ದರೆ ಅದೂ ತಮ್ಮ ಕೈಯಲ್ಲೇ ಇದೆ.

ಜೊತೆಗೆ ಇನ್ನೊಂದು ಮಾತು. ಹುಲಿಗಳ ಸಾವಿನ ಸಂದರ್ಭದಲ್ಲಿ, ಕಾಡು ಕಾಯುವ ಹೊರಗುತ್ತಿಗೆ ನೌಕರರಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲ ಎಂಬ ವರದಿಗಳು ಬಂದವು. ಗಸ್ತು ತಿರುಗುವವನ ಮನೆಯ ಒಲೆ ಉರಿಯದಿದ್ದರೆ ಯಾವ ಯೋಜನೆಯೂ ಕಾಗದ ಬಿಟ್ಟು ಏಳುವುದಿಲ್ಲ. ಈ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. ಸಂಬಳ ಕೊಡುವುದು ನೀತಿ ನಿರೂಪಣೆಯ ಪ್ರಶ್ನೆಯೇ ಅಲ್ಲ.

ಪಾದಯಾತ್ರೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ಈ ಬೆಟ್ಟದ ನಿರ್ವಹಣೆಯ ಅತಿ ಕಷ್ಟದ ಪ್ರಶ್ನೆ ಅದೇ. ಶಿವರಾತ್ರಿಗೆ ಕನಕಪುರ, ರಾಮನಗರ, ಮಂಡ್ಯದ ಕಡೆಯಿಂದ ಸಾವಿರಾರು ಜನ ಕಾವೇರಿ ಹೊಳೆಯನ್ನು ದಾಟಿ, ಕಾವೇರಿ ವನ್ಯಜೀವಿಧಾಮದ ಕಾಡನ್ನು ಹಾದು ಬರುತ್ತಾರೆ. ತಾಳಬೆಟ್ಟದಿಂದ ಮೆಟ್ಟಿಲು ಹತ್ತುವವರ ಸಾಲು ಹಗಲು ರಾತ್ರಿ ಕಡಿಯುವುದಿಲ್ಲ. ಶಿವರಾತ್ರಿಯೂ ಯುಗಾದಿಯೂ ಎಲೆಯುದುರಿದ ಕಾಡು ಕಿಡಿಗಾಗಿ ಕಾದಿರುವ ಕಾಲದಲ್ಲೇ ಬರುತ್ತವೆ. ಅರಣ್ಯ ಇಲಾಖೆ ಬೆಂಕಿರೇಖೆ ತೆಗೆದು, ಬೆಂಕಿ ಕಾವಲುಗಾರರನ್ನು ನೇಮಿಸಿಕೊಂಡು ಉಸಿರು ಬಿಗಿಹಿಡಿದಿರುವ ವಾರಗಳಲ್ಲೇ ಕಾಡಿನ ನಡುವೆ ಅಡುಗೆಯ ಒಲೆಗಳು ಹೊತ್ತುತ್ತವೆ. ಅರವಟ್ಟಿಗೆ ಇಟ್ಟು ಮಜ್ಜಿಗೆ ಪಾನಕ ಕೊಡುವವರ ಭಕ್ತಿ ದೊಡ್ಡದು. ಅವರು ಹೋದಮೇಲೆ ಉಳಿಯುವ ಪ್ಲಾಸ್ಟಿಕ್ ಲೋಟಗಳ ರಾಶಿಯೂ ದೊಡ್ಡದು. ಉಪ್ಪಿನ ವಾಸನೆ ಹತ್ತಿದ ಊಟದ ತಟ್ಟೆಯನ್ನು ಕಡವೆ ನೆಕ್ಕುತ್ತದೆ, ಎಂಜಲನ್ನು ಪ್ಲಾಸ್ಟಿಕ್ ಚೀಲದೊಂದಿಗೇ ಆನೆ ನುಂಗುತ್ತದೆ.

ಪಾದಯಾತ್ರೆಯನ್ನು ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವವರಿಗೆ ಈ ಸೀಮೆಯ ಒಕ್ಕಲುಗಳ ಪರಿಚಯವಿಲ್ಲ. ಕಾರಿನಲ್ಲಿ ಬಂದು ಹೋಗುವವನಿಗಿಂತ ನಡೆದುಬರುವವನು ಕಾಡಿಗೆ ಕಡಿಮೆ ಭಾರ. ಅವನಿಗೆ ಬೇಕಿರುವುದು ವ್ಯವಸ್ಥೆ: ಗುರುತು ಹಾಕಿದ ಒಂದೇ ದಾರಿ, ಕತ್ತಲಾಗುವ ಮೊದಲು ತಂಗಲು ನಿಗದಿಯಾದ ಜಾಗಗಳು, ಆ ಜಾಗಗಳಲ್ಲಿ ಮಾತ್ರ ಒಲೆ, ಕುಡಿಯುವ ನೀರು, ಶೌಚಾಲಯ. ತಿರುಮಲದ ಅಲಿಪಿರಿ ಕಾಲುದಾರಿಯಲ್ಲಿ 2023ರ ಆಗಸ್ಟ್‌ನಲ್ಲಿ ಚಿರತೆಗೆ ಒಂದು ಪುಟ್ಟ ಮಗು ಬಲಿಯಾದ ಮೇಲೆ, ಮಧ್ಯಾಹ್ನದ ನಂತರ ಮಕ್ಕಳೊಂದಿಗೆ ಆ ದಾರಿ ಹತ್ತುವುದಕ್ಕೆ ನಿರ್ಬಂಧ ಬಂತು, ಗುಂಪಾಗಿ ನಡೆಯುವ ಕ್ರಮ ಬಂತು. ನಮ್ಮಲ್ಲಿ ಅಂಥ ನಿಯಮ ಸಾವಿಗಿಂತ ಮೊದಲು ಬರಲಿ.

ಕಸದ ವಿಚಾರದಲ್ಲಿ ಶಬರಿಮಲೆಯಿಂದ ಕಲಿಯುವುದಿದೆ. ನಮ್ಮ ಎಷ್ಟೋ ಮಂದಿ ವರ್ಷ ವರ್ಷವೂ ಇರುಮುಡಿ ಹೊತ್ತು ಹೋಗುವ ಆ ದಾರಿ ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾದುಹೋಗುತ್ತದೆ. ಅಲ್ಲಿ ಅಳುದಾ–ಪಂಪಾ ನಡುವಿನ ಕಾಲುದಾರಿಯಲ್ಲಿ ಹೊರಗಿನ ಗುತ್ತಿಗೆದಾರರ ಬದಲು ಸ್ಥಳೀಯರ ಪರಿಸರ ಅಭಿವೃದ್ಧಿ ಸಮಿತಿಗಳಿಗೆ ಅಂಗಡಿ ಇಡುವ ಹಕ್ಕನ್ನೂ ದಾರಿಯ ಸ್ವಚ್ಛತೆಯ ಹೊಣೆಯನ್ನೂ ಒಟ್ಟಿಗೇ ಕೊಟ್ಟರು. ಯಾರಿಗೆ ಆದಾಯವೋ ಅವರದೇ ಜವಾಬ್ದಾರಿ. ನಮ್ಮಲ್ಲಿ ಇನ್ನೂ ಒಂದು ಅನುಕೂಲವಿದೆ. ಬೆಟ್ಟದಲ್ಲಿ ಉರುಳು ಸೇವೆ, ಪಂಜಿನ ಸೇವೆಗಳಂತೆ ರಜ ಹೊಡೆಯುವ ಸೇವೆಯೂ ಹರಕೆಯೇ. ಪೊರಕೆ ಹಿಡಿದು ಗುಡಿಯ ಸುತ್ತ ಗುಡಿಸುವುದನ್ನು ಜನ ಪುಣ್ಯವೆಂದು ಮಾಡುತ್ತಾರೆ. ಕಸ ಗುಡಿಸುವುದನ್ನು ಸೇವೆಗಳ ಪಟ್ಟಿಗೆ ಸೇರಿಸಿಕೊಂಡ ಕ್ಷೇತ್ರಕ್ಕೆ ಸ್ವಚ್ಛತೆಯ ಅಭಿಯಾನವನ್ನು ದೆಹಲಿಯಿಂದ ತರಬೇಕಾಗಿಲ್ಲ. ಆ ಹರಕೆಯನ್ನು ಪೌಳಿಯಿಂದ ಹೊರಗೆ, ತಾಳಬೆಟ್ಟದ ಮೆಟ್ಟಿಲಿನವರೆಗೆ, ಪಾದಯಾತ್ರೆಯ ದಾರಿಯವರೆಗೆ ವಿಸ್ತರಿಸಲು ಗುಡಿಯ ಅರ್ಚಕರಾದ ತಂಬಡಿಗಳೂ ಬೆಟ್ಟದ ಸಾಲೂರು ಮಠದ ಸ್ವಾಮಿಗಳೂ ಒಂದು ಮಾತು ಹೇಳಿದರೆ ಸಾಕು; ಪ್ರಾಧಿಕಾರ ಪೊರಕೆ, ಚೀಲ, ಸಾಗಿಸುವ ವಾಹನ ಒದಗಿಸಬೇಕು, ಅಷ್ಟೆ.

ವಾಹನಗಳ ಬಗ್ಗೆ ಹೊರರಾಜ್ಯದ ಉದಾಹರಣೆಯೂ ಬೇಡ, ನಮ್ಮ ಚಾಮರಾಜನಗರ ಜಿಲ್ಲೆಯಲ್ಲೇ ಇದೆ. ಬಂಡೀಪುರದೊಳಗಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳು ಹೋಗುವುದಿಲ್ಲ. ತಪ್ಪಲಿನಲ್ಲಿ ನಿಲ್ಲಿಸಿ ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹತ್ತಬೇಕು. ಇದರಿಂದ ಭಕ್ತಿಗೆ ಕುಂದುಂಟಾಯಿತು ಎಂದು ಯಾರೂ ದೂರಿದ್ದನ್ನು ನಾನು ಕೇಳಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿದೆ, ಜಿಲ್ಲೆಯ ಜನ ಅದಕ್ಕೂ ಹೊಂದಿಕೊಂಡಿದ್ದಾರೆ. ಮಾದಪ್ಪನ ಬೆಟ್ಟದ ರಸ್ತೆ ಪಾಲಾರ್ ಮೂಲಕ ಮೆಟ್ಟೂರಿಗೆ ಹೋಗುವ ಅಂತರರಾಜ್ಯ ದಾರಿಯೂ ಆದ್ದರಿಂದ ಗೋಪಾಲಸ್ವಾಮಿ ಬೆಟ್ಟದ ನಿಯಮವನ್ನು ಹಾಗೆಯೇ ಎತ್ತಿ ಇಲ್ಲಿಡಲಾಗದು ಎಂಬುದನ್ನು ಒಪ್ಪುತ್ತೇನೆ. ಆದರೆ ಅಮಾವಾಸ್ಯೆ, ಜಾತ್ರೆ ಮತ್ತು ಸಾಲು ರಜೆಯ ದಿನಗಳಲ್ಲಿ ಕೌದಳ್ಳಿಯಲ್ಲೋ ತಾಳಬೆಟ್ಟದಲ್ಲೋ ಕಾರು ಬೈಕುಗಳನ್ನು ನಿಲ್ಲಿಸಿ ಬಸ್ಸುಗಳಲ್ಲಿ ಮಾತ್ರ ಮೇಲೆ ಬಿಡುವುದಕ್ಕೆ ಏನು ಅಡ್ಡಿ? ದೊಡ್ಡ ಜಾತ್ರೆಗಳಲ್ಲಿ ದ್ವಿಚಕ್ರ ವಾಹನಗಳನ್ನು ಜಿಲ್ಲಾಡಳಿತವೇ ತಡೆದಿದೆ. ಅದನ್ನು ಆಯಾ ಸಲದ ಆದೇಶವಾಗಿ ಬಿಡದೆ ಯೋಜನೆಯ ಭಾಗವಾಗಿಸಬೇಕು. ಕೆಳಗೆ ನಿಲುಗಡೆಯಾದರೆ ಹೋಟೆಲು, ಅಂಗಡಿಗಳೂ ಕೆಳಗಿಳಿಯುತ್ತವೆ. ಬೆಟ್ಟದ ನೆತ್ತಿಯಲ್ಲಿ ನೀರಿಗೂ ಚರಂಡಿಗೂ ಪರದಾಡುವುದು ಅರ್ಧ ತಪ್ಪುತ್ತದೆ, ಕೌದಳ್ಳಿಯ ಹುಡುಗರಿಗೆ ಕೆಲಸವೂ ಸಿಗುತ್ತದೆ.

ಕಟ್ಟಡಗಳ ವಿಚಾರ. 2023ರ ಮಾರ್ಚ್‌ನಲ್ಲಿ ದೀಪದಗಿರಿ ಒಡ್ಡಿನಲ್ಲಿ 108 ಅಡಿಯ ಮಹದೇಶ್ವರರ ಪ್ರತಿಮೆ ಅನಾವರಣವಾಯಿತು. ನೋಡಲು ಜನ ಬರುತ್ತಾರೆ, ಬರಲಿ. ಅದಾದ ಮರುವರ್ಷ, 2024ರ ಏಪ್ರಿಲ್ 26ರಂದು, ಇದೇ ಬೆಟ್ಟದ ಇಂಡಿಗನತ್ತ ಗ್ರಾಮದಲ್ಲಿ ರಸ್ತೆ ಮೊದಲಾದ ಮೂಲಸೌಕರ್ಯವಿಲ್ಲವೆಂದು ಮತದಾನ ಬಹಿಷ್ಕರಿಸಿದ ಜನರ ಸಿಟ್ಟು ಮತಗಟ್ಟೆಯ ಧ್ವಂಸದಲ್ಲಿ ಕೊನೆಗೊಂಡು, ಮರುಮತದಾನ ನಡೆಸಬೇಕಾಯಿತು. ಹಿಂಸೆಯನ್ನು ನಾನು ಸಮರ್ಥಿಸುವುದಿಲ್ಲ. ಆದರೆ ರೋಗಿಯನ್ನು ಡೋಲಿ ಕಟ್ಟಿ ಹೊತ್ತು ತರಬೇಕಾದ ಹಳ್ಳಿಯವರಿಗೆ, ಕಾಡಿನ ಕಾನೂನು ತಮ್ಮ ರಸ್ತೆಗೆ ಮಾತ್ರ ಅಡ್ಡ ಬರುತ್ತದೆ, ಬೆಟ್ಟದ ನೆತ್ತಿಯ ಕಟ್ಟಡಗಳಿಗೆ ಬರುವುದಿಲ್ಲ ಎಂದು ಅನ್ನಿಸಿದರೆ ಅವರನ್ನು ದೂರುವಂತಿಲ್ಲ. ಅರಣ್ಯ ಹಕ್ಕು ಕಾಯ್ದೆಯ 3(2)ನೇ ಪ್ರಕರಣ ಗ್ರಾಮಸಭೆಯ ಶಿಫಾರಸಿನ ಮೇಲೆ ರಸ್ತೆ, ಶಾಲೆ, ಆಸ್ಪತ್ರೆ, ಕುಡಿಯುವ ನೀರಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಬಳಸಲು ಅವಕಾಶ ಕೊಡುತ್ತದೆ. ಇನ್ನೊಂದೆಡೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 33ನೇ ಪ್ರಕರಣ, ವನ್ಯಜೀವಿಧಾಮದೊಳಗೆ ವಾಣಿಜ್ಯ ಉದ್ದೇಶದ ವಸತಿಗೃಹ, ಹೋಟೆಲುಗಳಿಗೆ, ಸರ್ಕಾರದವೇ ಆಗಿದ್ದರೂ, ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಪೂರ್ವಾನುಮತಿ ಬೇಕೆನ್ನುತ್ತದೆ. ಕಾನೂನಿನ ಒಲವು ಯಾವ ಕಡೆಗಿದೆ ಎಂಬುದು ಸ್ಪಷ್ಟ: ಹಳ್ಳಿಯ ಅಗತ್ಯಕ್ಕೆ ದಾರಿ ಇದೆ, ವಾಣಿಜ್ಯಕ್ಕೆ ತಡೆ ಇದೆ. ನಡೆಯುತ್ತಿರುವುದು ಮಾತ್ರ ತಿರುಗುಮುರುಗಾಗಿ ಕಾಣುತ್ತಿದೆ. 2025ರ ಏಪ್ರಿಲ್ 24ರಂದು ತಮ್ಮ ಸರ್ಕಾರದ ಸಚಿವ ಸಂಪುಟವೇ ಬೆಟ್ಟದ ಮೇಲೆ ಸಭೆ ಸೇರಿತ್ತಲ್ಲ, ಅಂದು ಮಂಜೂರಾದ ಕಾಮಗಾರಿಗಳಲ್ಲಿ ಬೆಟ್ಟದ ನೆತ್ತಿಗೆ ಎಷ್ಟು, ಕಾಡಿನ ಹಳ್ಳಿಗಳಿಗೆ ಎಷ್ಟು ಎಂಬ ಲೆಕ್ಕವನ್ನು ಈ ಯೋಜನೆಯ ಅನುಬಂಧವಾಗಿ ಪ್ರಕಟಿಸುವುದು ಒಳ್ಳೆಯ ಆರಂಭವಾದೀತು. ಕ್ಷೇತ್ರದ ಹೊಸ ಕಟ್ಟಡಗಳಿಗೆ ಈಗಿರುವ ಕಟ್ಟಿದ ಪ್ರದೇಶವೇ ಗಡಿ ಎಂದು ಒಂದು ಗೆರೆ ಎಳೆದು, ಆಮೇಲೆ ಯಾವ ಅಧ್ಯಕ್ಷರು ಬಂದರೂ ಅದನ್ನು ದಾಟದಂತೆ ಮಾಡಬೇಕು.

ನಾಗಮಲೆಯ ಚಾರಣಕ್ಕೆ 2024ರಲ್ಲಿ ಕೆಲಕಾಲ ತಡೆಹಾಕಿ, ಆಮೇಲೆ ಆನ್‌ಲೈನ್ ನೋಂದಣಿ ಮತ್ತು ದಿನಕ್ಕಿಷ್ಟೇ ಜನ ಎಂಬ ಮಿತಿಯೊಂದಿಗೆ ತೆರೆದದ್ದು ಸರಿಯಾದ ಕ್ರಮ. ನಾಗಮಲೆಗೆ ಹರಕೆ ಹೊತ್ತು ಹೋಗುವವನನ್ನೂ ರೀಲ್ಸ್ ಮಾಡಲು ಹೋಗುವವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸದಂತೆ ನೋಡಿಕೊಂಡರೆ ಸಾಕು.

ಉಳಿದದ್ದು ಈ ವನ್ಯಜೀವಿಧಾಮವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸುವ ಪ್ರಶ್ನೆ. ಕೇಂದ್ರದ ಹುಲಿ ಪ್ರಾಧಿಕಾರದ ತಾತ್ವಿಕ ಒಪ್ಪಿಗೆ ಇದ್ದೂ ರಾಜ್ಯದ ಅಧಿಸೂಚನೆ ಹೊರಟಿಲ್ಲ; ಸ್ಥಳೀಯರ ವಿರೋಧ ಕಾರಣ ಎನ್ನಲಾಗುತ್ತದೆ. ಈ ಕಾಡಿಗೆ ಆ ಮಟ್ಟದ ರಕ್ಷಣೆಯೂ ಅನುದಾನವೂ ಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ವಿರೋಧಿಸುವವರನ್ನು ಅಜ್ಞಾನಿಗಳೆಂದು ತಿಳಿಯುವುದು ತಪ್ಪು. ದನ ಮೇಯಿಸುವುದು ನಿಂತೀತು, ಕಿರು ಅರಣ್ಯ ಉತ್ಪನ್ನ ತರುವುದು ನಿಂತೀತು, ಕೊನೆಗೆ ಹಾಡಿಯೇ ಖಾಲಿಯಾದೀತು ಎಂಬ ಭಯಕ್ಕೆ ದೇಶದ ಬೇರೆ ಬೇರೆ ಕಾಡುಗಳಲ್ಲಿ ಆಧಾರಗಳಿವೆ. ಆ ಭಯಕ್ಕೆ ಉತ್ತರ ಪಕ್ಕದ ಬೆಟ್ಟದಲ್ಲೇ ಇದೆ: 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳು ಸಿಕ್ಕವು, ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂಥ ಹಕ್ಕು ದಕ್ಕಿದ್ದು ದೇಶದಲ್ಲಿ ಅದೇ ಮೊದಲು. ಇಲ್ಲಿಯೂ ಹಕ್ಕುಪತ್ರ ಮೊದಲು, ಅಧಿಸೂಚನೆ ಆಮೇಲೆ ಎಂಬ ಕ್ರಮ ಹಿಡಿದರೆ ವಿರೋಧದ ಬಹುಪಾಲು ಕರಗುತ್ತದೆ. ಇದೇ ಬೆಟ್ಟದ ಸೋಲಿಗರು, ಕಾಡನ್ನು ಮುಚ್ಚಿರುವ ಲಂಟಾನ ಎಂಬ ಕಳೆಪೊದೆಯನ್ನು ಕಡಿದು ಪೀಠೋಪಕರಣ ಮಾಡುವುದನ್ನು ಕಲಿತು ಎರಡು ದಶಕಗಳಾದವು. ಪ್ರಾಧಿಕಾರದ ವಸತಿಗೃಹಗಳ ಕುರ್ಚಿ ಮಂಚಗಳನ್ನೆಲ್ಲ ಅವರಿಂದಲೇ ಕೊಳ್ಳಬಾರದೇಕೆ? ಒಂದೇ ಯೋಜನೆಯಿದ್ದರೆ ಇಂಥವು ತಾವಾಗಿಯೇ ಹೊಳೆಯುತ್ತವೆ.

ಯೋಜನೆಗೆ ಹೊಸ ಕಾನೂನೇನೂ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ, ಅರಣ್ಯ ಹಕ್ಕು ಕಾಯ್ದೆ ಅನ್ವಯವಾಗುವ ಕಡೆ ವನ್ಯಜೀವಿಧಾಮದ ನಿರ್ವಹಣಾ ಯೋಜನೆಯನ್ನು ಗ್ರಾಮಸಭೆಗಳ ಜೊತೆ ಸಮಾಲೋಚಿಸಿಯೇ ಸಿದ್ಧಪಡಿಸಬೇಕು. ಆ ಸಮಾಲೋಚನೆಗೆ ಪ್ರಾಧಿಕಾರದ ಕಾರ್ಯದರ್ಶಿಗಳೂ ತಂಬಡಿಗಳ ಪ್ರತಿನಿಧಿಗಳೂ ಪಾದಯಾತ್ರೆ ಸಂಘಗಳವರೂ ಬಂದು ಕೂರಲಿ. ಕರಡು ಕನ್ನಡದಲ್ಲಿರಲಿ, ಗಡಿಯ ಹಳ್ಳಿಗಳಿಗಾಗಿ ತಮಿಳಿನಲ್ಲೂ ಇರಲಿ. ಪ್ರಾಧಿಕಾರದ ಮುಂದಿನ ಸಭೆ ಮತ್ತು ವನ್ಯಜೀವಿ ಮಂಡಳಿಯ ಮುಂದಿನ ಸಭೆ ಎರಡನ್ನೂ ತಾವು ಒಂದೇ ದಿನ ಕರೆದು, ಈ ಒಂದು ವಿಷಯವನ್ನು ಎರಡರ ಕಾರ್ಯಸೂಚಿಯಲ್ಲೂ ಇಡಬೇಕೆಂದು ಕೋರುತ್ತೇನೆ. ಮೊದಲ ಗ್ರಾಮಸಭೆಯನ್ನು ಬೆಟ್ಟದ ಅತಿಥಿಗೃಹದಲ್ಲಿ ಮಾಡದೆ ಇಂಡಿಗನತ್ತದಲ್ಲಿ ಮಾಡಿಸಿದರೆ, ಅಧಿಕಾರಿಗಳಿಗೆ ಆ ರಸ್ತೆಯ ಸ್ಥಿತಿಯೂ ತಿಳಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮಾದಪ್ಪನ ಒಕ್ಕಲಿನ ಒಬ್ಬ ನಾಗರಿಕ
ಹನೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ